ತಿರುಗಿ ನೋಡಬಾರದು

ಮಗಳು ಅಂದೂ ಬೆನ್ನು ತಿರುಗಿಸಿದಳು.

ಕುದುರೆ ಶಿಬಿರದ ಬೇಲಿಯ ಈಚೆ ಅಪ್ಪ ನಿಂತಿದ್ದ. ಕೈಯಲ್ಲಿ ಚಾಕೊಲೇಟು, ಮುಖದಲ್ಲಿ ಹೀರೋ ಎಂಟ್ರಿಯ ನಗು. ಪಟಾಕಿ ಎಂದು ಕೂಗಿದ. ಮನೆಯಲ್ಲಿ ಅವಳ ಹೆಸರೇ ಅದು. ಅವಳು ಒಮ್ಮೆ ನೋಡಿದಳು, ತಿರುಗಿದಳು, ತಲೆ ತಗ್ಗಿಸಿ ನಿಂತುಬಿಟ್ಟಳು. ಅಂಗಳದ ಕುದುರೆಗಳಾದರೂ ಕಿವಿ ನಿಮಿರಿಸಿದವು, ಅವಳು ಅಷ್ಟೂ ಇಲ್ಲ. ಭೂಪ ಎಂಬ ಕಂದು ಕುದುರೆ ಹಿಂದಿನಿಂದ ಬಂದು ಅವಳ ಹೆಗಲಿಗೆ ಮೂತಿ ಒತ್ತಿತು. ಏನೋ ಗೊಣಗಿ ಅದನ್ನೂ ತಳ್ಳಿದಳು.

ಅಮ್ಮನ ಕೋಪವೇ ಇವಳಿಗೂ ಇಳಿದು ಬಂದಿದೆ, ಎಂದುಕೊಂಡ ಅಪ್ಪ.

ಅವನದು ಡಬ್ಬಿಂಗ್ ಕೆಲಸ. ತೆರೆಯ ಮೇಲೆ ಅಬ್ಬರಿಸುವ ಅರ್ಧದಷ್ಟು ವಿಲನ್‌ಗಳ ಗಂಟಲು ಅವನದೇ. ಮನೆಯಲ್ಲೂ ಅದೇ ಗಂಟಲು. ಜಗಳ ಶುರುವಾದರೆ ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಇವನು ಒಂದು ರೀಲು ಮುಗಿಸಿರುತ್ತಿದ್ದ. ಕೊನೆಗೆ ಅವಳು ಬೇರೆ ಮನೆ ಮಾಡಿದಳು. ಮಗಳು ಯಾರ ಜೊತೆ ಇರಬೇಕೆಂದು ಮಗಳೇ ಹೇಳಲಿ ಎಂದು ಇಬ್ಬರೂ ಒಪ್ಪಿದರು. ಬೇಸಿಗೆ ಶಿಬಿರ ಮುಗಿದ ದಿನ ಅವಳು ಯಾರ ಕಾರು ಹತ್ತುತ್ತಾಳೋ ಅವರ ಮನೆ. ಅಲ್ಲಿಯವರೆಗೆ ಯಾರೂ ಅವಳ ಕಿವಿ ಊದಬಾರದು.

"ನಿನ್ನ ಡೈಲಾಗು ನಾನು ಕೇಳಿದ್ದಾಯ್ತು," ಎಂದಿದ್ದಳು ಹೆಂಡತಿ. "ಅವಳ ಹತ್ರ ಬೇಡ."

ಬೆದರಿಸದೆ, ಹೊಡೆಯದೆ, ಕುದುರೆಯ ಸ್ವಭಾವ ಅರಿತು ಅದನ್ನು ಒಲಿಸಿಕೊಳ್ಳುವುದನ್ನು ಮಕ್ಕಳಿಗೆ ಕಲಿಸುವ ಶಿಬಿರ ಅದು. ಕಲಿಸುವವಳನ್ನು ಮಕ್ಕಳೆಲ್ಲ ಕುದುರೆ ಅಕ್ಕ ಅನ್ನುತ್ತಿದ್ದರು. ಅವಳು ಮೊದಲ ದಿನದ ಪಾಠವನ್ನೇ ಮತ್ತೆ ಹೇಳಿಕೊಡುತ್ತಿದ್ದಾಗ ಒಂದು ಬೆಳಿಗ್ಗೆ ಅದು ಅಪ್ಪನ ಕಿವಿಗೂ ಬಿತ್ತು.

"ಅಟ್ಟಿಸ್ಕೊಂಡು ಹೋದ್ರೆ ಓಡುತ್ತೆ. ದಿಟ್ಟಿಸಿ ನೋಡಿದ್ರೆ ಹೆದರುತ್ತೆ. ಬೆನ್ನು ತಿರುಗಿಸಿ, ಹೆಗಲು ಇಳಿಬಿಟ್ಟು ಸುಮ್ನೆ ನಿಂತ್ಕೊಳ್ಳಿ. ಮನಸ್ಸಾದ್ರೆ ಅದೇ ಬಂದು ಹೆಗಲು ಮುಟ್ಟುತ್ತೆ. ಮುಟ್ಟೋವರೆಗೂ ತಿರುಗಿ ನೋಡಬಾರದು."

ಅಪ್ಪನ ತಲೆಯೊಳಗೆ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಶುರುವಾಯಿತು. ತಾನು ಇಷ್ಟು ದಿನ ಮಾಡಿದ್ದು ಅಟ್ಟಿಸಿಕೊಂಡು ಹೋಗುವ ಕೆಲಸವನ್ನೇ. ಕೂಗಿದ್ದು, ಕೈ ಬೀಸಿದ್ದು, ಚಾಕೊಲೇಟು ಆಡಿಸಿದ್ದು. ಎಲ್ಲ ಬಂದ್.

ಮರುದಿನದಿಂದ ಮೂಕಿ ಚಿತ್ರ. ಬರುವುದು, ಮಗಳ ಕಣ್ಣಿಗೆ ಒಮ್ಮೆ ಬೀಳುವುದು, ಬೇಲಿಗೆ ಬೆನ್ನು ಹಾಕಿ ನಿಲ್ಲುವುದು. ಓರೆಗಣ್ಣಲ್ಲಿ ನೋಡಿದರೆ ಅವಳದೂ ಬೆನ್ನೇ. ಇಬ್ಬರು ಹೀರೋಗಳ ಸಿನಿಮಾ ಪೋಸ್ಟರಿನಂತೆ ಅಪ್ಪನ ಮುಖ ಆ ಕಡೆ, ಮಗಳದು ಈ ಕಡೆ. ಅವಳು ತಳ್ಳಿದ ಭೂಪ ಮಾತ್ರ ಬೇಲಿಯವರೆಗೆ ಬಂದು ಇವನ ಹೆಗಲಿಗೆ ಮೂತಿ ಒರೆಸಿ ಅಂಗಿ ಒದ್ದೆ ಮಾಡುತ್ತಿತ್ತು.

"ನಿನ್ನನ್ನ ಯಾರು ಕರೆದ್ರೋ?" ಎಂದು ಅಪ್ಪ ಪಿಸುಗುಟ್ಟುತ್ತಿದ್ದ.

ಗೇಟಿಗೆ ಬೀಗವೇನೂ ಇರಲಿಲ್ಲ, ಒಂದು ತಂತಿಯ ಕೊಂಡಿ ಅಷ್ಟೇ. ಒಳಗೆ ಬನ್ನಿ ಎಂದು ಕುದುರೆ ಅಕ್ಕ ಕರೆದಳು ಕೂಡ. ಅಪ್ಪ ನೆಲದ ಲದ್ದಿ ನೋಡಿದ, ತನ್ನ ಹೊಳೆಯುವ ಬೂಟು ನೋಡಿಕೊಂಡ, ಪರವಾಗಿಲ್ಲ ಮೇಡಂ ಎಂದ.

ಕೊನೆಯ ದಿನ ಬಂತು. ಮಕ್ಕಳು ಹಗ್ಗವಿಲ್ಲದೆ ಕುದುರೆಗಳನ್ನು ಅಂಗಳ ಸುತ್ತಿಸಿದರು, ಹೆತ್ತವರು ಚಪ್ಪಾಳೆ ತಟ್ಟಿದರು. ಗೇಟು ಹಾರುಹೊಡೆದಿತ್ತು. ಹೆಂಡತಿಯ ಕಾರು ಮರದ ಕೆಳಗೆ, ಇವನದು ರಸ್ತೆಯ ಅಂಚಿಗೆ. ಅಂಗಳದ ನಡುವೆ ಮಗಳು ಒಬ್ಬಳೇ ನಿಂತು ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು.

ಅಪ್ಪನ ಗಂಟಲಲ್ಲಿ ಜೀವಮಾನದ ಡೈಲಾಗು ಸಿದ್ಧವಾಗಿತ್ತು. ನುಂಗಿಕೊಂಡ. ಬೆನ್ನು ತಿರುಗಿಸಿ, ಹೆಗಲು ಇಳಿಬಿಟ್ಟು, ಕಾರಿನ ಕಡೆ ನಡೆದ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಜಲ್ಲಿಕಲ್ಲು ಸದ್ದು ಮಾಡಿತು.

ಅಪ್ಪ ಹೆಜ್ಜೆ ನಿಧಾನಿಸಿದ. ತಿರುಗಲಿಲ್ಲ. ಎಳೆದೆಳೆದು ಹಾಕುವ ಹೆಜ್ಜೆ. ಶಿಬಿರದವರು ಕೊಟ್ಟ ಬೂಟು ಅವಳ ಕಾಲಿಗೆ ದೊಡ್ಡದು, ಅದಕ್ಕೇ ಹೀಗೆ ಎಂದುಕೊಂಡ. ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದ. ಹೆಜ್ಜೆ ನಿಂತಿತು. ಹೆಗಲಿಗೆ ಏನೋ ಬೆಚ್ಚಗೆ ತಾಗಿತು.

"ನಂಗೊತ್ತಿತ್ತು ಕಣೇ ಪಟಾಕಿ," ಎಂದ. ವಿಲನ್ ಗಂಟಲು ಅಲ್ಲ ಅದು. ಆ ದನಿ ತನ್ನೊಳಗೆ ಇತ್ತೆಂದು ಅವನಿಗೇ ತಿಳಿದಿರಲಿಲ್ಲ. "ನನ್ನ ಬಿಟ್ಟು ಹೋಗಲ್ಲ ನೀನು."

ಬುಸ್ಸೆಂದು ಬಿಸಿ ಉಸಿರು ಕಿವಿಗೆ ಬಡಿಯಿತು. ತಿರುಗಿದ. ಭೂಪ ಆಗಲೇ ಕಾರಿನೊಳಗೆ ಮೂತಿ ತೂರಿಸಿ ಸೀಟು ಮೂಸುತ್ತಿತ್ತು.

ಮಗಳು ನಿಂತಲ್ಲೇ ಇದ್ದಳು, ಇವನ ಕಡೆ ಬೆನ್ನು ಮಾಡಿ. ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು, ಲದ್ದಿ ತುಳಿದುಕೊಂಡೇ ಅಂಗಳದ ನಡುವಿಗೆ ಬಂದು ಮಗಳ ಹೆಗಲು ಮುಟ್ಟಿದಳು. ಮಗಳು ಥಟ್ಟನೆ ತಿರುಗಿದಳು. ಯಾರೆಂದು ನೋಡಿದಳು. ತುಸು ಹೊತ್ತು ಬಿಟ್ಟು ಆ ಕೈ ಹಿಡಿದಳು. ಮರದ ಕೆಳಗಿನ ಕಾರು ಹೊರಟುಹೋಯಿತು.

ಕುದುರೆ ಅಕ್ಕ ಹಗ್ಗ ಹಿಡಿದು ಭೂಪನನ್ನು ಹುಡುಕಿಕೊಂಡು ಬಂದಳು.

"ಮೊದಲೇ ತೀರ್ಮಾನ ಮಾಡಿದ್ಲು ಬಿಡಿ ಮೇಡಂ," ಎಂದ ಅಪ್ಪ. "ದಿನಾ ಬಂದೆ. ದಿನಾ ಬೆನ್ನೇ ತೋರಿಸಿದ್ಲು."

ಕುದುರೆ ಅಕ್ಕ ಭೂಪನ ಕೊರಳಿಗೆ ಹಗ್ಗ ಹಾಕಿದಳು.

"ಈ ಬೆನ್ನು ತಿರುಗಿಸೋ ಪಾಠ ಮನುಷ್ಯರಿಗೂ ನಡೆಯುತ್ತಾ ಅಂತ ಮೊದಲನೇ ದಿನಾನೇ ಕೇಳಿದ್ಲು ಸಾರ್. ನೀವು ಬಂದಾಗೆಲ್ಲ ಹಾಗೇ ನಿಂತ್ಕೊಳ್ಳೋಳು. ಈ ಭೂಪ ಹೋಗಿ ಹೆಗಲು ಮುಟ್ಟಿದ್ರೆ, 'ನೀನಲ್ಲ ಕಣೋ' ಅಂತ ತಳ್ಳೋಳು."