ಮೊದಲು ಯೋಗ

“ಮಗಳಿಗೆ ಕರಾಟೆ ಕಲಿಸಿ ಅಂತ ಸೇರಿಸಿದ್ದು, ಸರ್. ಮೂರು ತಿಂಗಳಾಯ್ತು, ಇನ್ನೂ ಪ್ರಾಣಾಯಾಮಾನೇ. ಬಸ್ಸಲ್ಲಿ ಯಾವನಾದ್ರೂ ಮೈಮೇಲೆ ಬಿದ್ರೆ ಇವಳು ಪದ್ಮಾಸನ ಹಾಕಬೇಕಾ?”

ಕೆಲಸದಿಂದ ನೇರ ಬಂದಿದ್ದ ತಾಯಿಯ ದನಿಗೆ, ಅಭ್ಯಾಸ ಮಾಡುತ್ತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು.

ಮೇಷ್ಟ್ರು ದನಿ ತಗ್ಗಿಸಿದರು. “ಯಾರಿಗೆ ಹೊಡೀಬೇಕು ಅಂತ ಬಂದಿದ್ದೀಯ ಅಂತ ಮೊದಲ ದಿನವೇ ಎಲ್ಲರನ್ನೂ ಕೇಳ್ತೀನಿ, ಮೇಡಂ. ‘ಯಾರಿಗೂ ಇಲ್ಲ’ ಅಂದವರಿಗೆ ಅವತ್ತೇ ಏಟು ಹೇಳಿಕೊಡ್ತೀನಿ. ‘ಇಂಥವರಿಗೆ’ ಅಂದವರಿಗೆ, ಆ ಸಿಟ್ಟು ಇಳಿಯೋವರೆಗೂ ಯೋಗ.”

“ಹಾಗಾದ್ರೆ ಯಾವನೋ ಇದ್ದಾನೆ.” ತಾಯಿ ಮಗಳ ರಟ್ಟೆ ಹಿಡಿದು ಜಗ್ಗಿದಳು. “ಯಾರೇ ಅವನು? ಬಾಯಿ ಬಿಡು, ಇಲ್ಲಾಂದ್ರೆ ಇಲ್ಲೇ ಬಾರಿಸ್ತೀನಿ.”

ಮಗಳು ಕೆನ್ನೆ ಮುಚ್ಚಿಕೊಂಡಳು.

ಮೇಷ್ಟ್ರು ನಡುವೆ ಬಂದು ನಿಂತರು. “‘ಅಮ್ಮನಿಗೆ ಹೊಡೀಬೇಕು’ ಅಂದಿದ್ದಳು.”