ಹತ್ತು ಮೂರ್ಖರ ಗುಂಪು

"ಇದು ಫೋಟೋ ಅಲ್ಲ, ಅಪಘಾತ" ಎಂದು ಎಡಗೈ ಹೆಬ್ಬೆರಳಿನಲ್ಲಿ ಒತ್ತಿ ಕಳಿಸಿದ ಮೇಲೆಯೇ ಸ್ಟುಡಿಯೋ ಯಜಮಾನರಿಗೆ ಬೆಳಗಿನ ಚಹಾ ರುಚಿಸಿದ್ದು.

ಅಪಘಾತಕ್ಕೀಡಾದದ್ದು ಒಂದು ಬೆಕ್ಕು. 'ಹೊಸಬ' ಎಂಬುವನು ಅದರ ತಲೆಯನ್ನು ಫೋಟೋದಿಂದ ಹೊರಗಿಟ್ಟು ಬಾಲವನ್ನಷ್ಟೇ ತೆಗೆದಿದ್ದ. ಫೋಟೋಗ್ರಫಿ ಕಲಿಯುವವರ ಈ ಆನ್‌ಲೈನ್ ಗುಂಪಿನಲ್ಲಿ ಯಜಮಾನರನ್ನು ಬಿಟ್ಟರೆ ಹತ್ತು ಜನ. ಎಲ್ಲರಿಗೂ ಅಡ್ಡಹೆಸರು, ಯಾರಿಗೂ ಬುದ್ಧಿಯಿಲ್ಲ. ಹೊತ್ತು ಹೋಗಲಿ ಅಂತ ಮಗಳು ಊರಿಗೆ ಹೊರಡುವ ಮುಂಚೆ ಫೋನಿನಲ್ಲಿ ಈ ಗುಂಪನ್ನು ಹಾಕಿಕೊಟ್ಟಿದ್ದಳು. ಯಜಮಾನರು ದಿನವಿಡೀ ಒಬ್ಬೊಬ್ಬರ ಚಳಿ ಬಿಡಿಸುತ್ತ ಕೂತಿರುತ್ತಿದ್ದರು.

ಬೇರೆ ಕೆಲಸವಾದರೂ ಏನಿತ್ತು? ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು. ಕೆಳಗಿನ ಸ್ಟುಡಿಯೋಗೆ ಬೀಗ ಬಿದ್ದಿತ್ತು. ಕೈಗೆ ದಿನಾ ಕೆಲಸ ಕೊಡದಿದ್ದರೆ ಅದು ಹೀಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಯಜಮಾನರು ಕಿಟಕಿಯಿಂದಾಚೆ ಎಸೆದರು. ವ್ಯಾಯಾಮ ಮಾಡಿಸಲು ಬಂದವನನ್ನು ಬೈದು ಓಡಿಸಿದರು. ಹೆಂಡತಿ ಬೇಡಿಕೊಂಡಳು, ಅತ್ತಳು, ಕೊನೆಗೆ ಜಗಳಕ್ಕೇ ನಿಂತಳು.

"ಸತ್ತ ಕೈಗೆ ಸರ್ಕಸ್ ಕಲಿಸಬೇಡ" ಎಂದುಬಿಟ್ಟರು. ಆಮೇಲೆ ಆಕೆ ಆ ಮಾತೇ ಎತ್ತಲಿಲ್ಲ.

ಗುಂಪಿನವರು ಹಾಗೆ ಬಾಯಿ ಮುಚ್ಚಿಕೊಂಡು ಹೋಗುವ ಪೈಕಿಯಲ್ಲ. ಬೆಕ್ಕಿನ ವಿಷಯಕ್ಕೆ 'ಮುಳ್ಳುಹಂದಿ' ತಿರುಗಿಬಿದ್ದ: "ಬೈಯೋಕೆ ಬಾಯಿದ್ರೆ ಸಾಕು. ನೀವು ತೆಗೆದದ್ದು ಒಂದು ತೋರಿಸಿ ನೋಡೋಣ. ಹಳೇದು ಬೇಡ, ಇವತ್ತಿನದು." 'ಗುಡುಗು' ಅದಕ್ಕೆ ತಾಳ ಹಾಕಿದ: "ಇವರ ಜೊತೆ ಸಂಸಾರ ಮಾಡೋ ಹೆಂಗಸು ಯಾರೋ, ಪಾಪ."

ಯಜಮಾನರು ಕೆಂಡಾಮಂಡಲವಾಗಿ ಅದನ್ನು ಹೆಂಡತಿಗೆ ಓದಿ ಹೇಳಿದರು.

"ಅದರಲ್ಲಿ ತಪ್ಪೇನಿದೆ?" ಎಂದಳು ಆಕೆ, ತಟ್ಟೆ ಒರೆಸುತ್ತ.

"ನೀನೂ ಅವರ ಕಡೆನೇ ಸೇರ್ಕೊಂಡ್ಯಾ?"

"ನಾನು ಯಾವತ್ತು ನಿಮ್ಮ ಕಡೆ ಇದ್ದೆ?"

"ತರಕಾರಿ ತರೋಕೆ ಅಂತ ಹೋದೋಳು ಮಧ್ಯಾಹ್ನ ಮಾಡ್ಕೊಂಡು ಬರ್ತೀಯ. ಮನೆ ಕಡೆ ಗಮನ ಇದ್ಯಾ ನಿಂಗೆ?"

"ಹತ್ತು ಜನರ ಕೆಲಸ ಒಬ್ಳೇ ಮಾಡಿ ಸಾಯ್ತಿದೀನಿ ರೀ. ಇನ್ನೆಷ್ಟು ಗಮನ ಕೊಡ್ಲಿ?"

ಯಜಮಾನರು ಮುಖ ತಿರುಗಿಸಿಕೊಂಡು ಹೋಗಿ ಬೀರುವಿನಿಂದ ಕ್ಯಾಮೆರಾ ತೆಗೆದರು. ಅಲ್ಲಿ ಶುರುವಾಯಿತು ಫಜೀತಿ. ಕ್ಯಾಮೆರಾದ ಗುಂಡಿ ಇರುವುದು ಬಲಗಡೆ. ಅವರು ಕ್ಯಾಮೆರಾವನ್ನೇ ತಲೆಕೆಳಗು ಮಾಡಿ, ಕಿಟಕಿಯ ಕಟ್ಟೆಗೆ ಆನಿಸಿ, ಎಡಗೈಯಲ್ಲಿ ಒತ್ತಿದರು. ಹೂಕುಂಡದ ಫೋಟೋ ಚೊಕ್ಕವಾಗಿ ಬಂತು. ನೆಟ್ಟಗೆ ತಿರುಗಿಸಿ ಗುಂಪಿಗೆ ಹಾಕಿ ಮೀಸೆ ತಿರುವಿದರು.

"ತಲೆಕೆಳಗು ಹಿಡಿದು ಎಡಗೈಲಿ ಒತ್ತೋದು ಮೋಸ" ಎಂದು 'ಕತ್ತರಿ' ಬರೆದ.

ಯಜಮಾನರು ಬೆಚ್ಚಿಬಿದ್ದರು. ಬರೀ ಫೋಟೋ ನೋಡಿ ಕಂಡುಹಿಡಿದನಲ್ಲ ಬಡ್ಡೀಮಗ. ಹತ್ತು ಮೂರ್ಖರಲ್ಲಿ ಒಬ್ಬನಿಗಾದರೂ ಕಣ್ಣಿದೆ ಅಂದುಕೊಂಡರು. ಮೈಯೆಲ್ಲ ಉರಿಯಿತು.

ಮರುದಿನ ಎಡಗೈಯಿಂದ ಬಲಗೈಯನ್ನು ಎತ್ತಿ ಕ್ಯಾಮೆರಾ ಮೇಲೆ ಕೂರಿಸಿದರು. ಬೆರಳು ಮಾತು ಕೇಳಲಿಲ್ಲ. ಹಲ್ಲು ಕಚ್ಚಿ, ಬೆವರು ಸುರಿಸಿ, ಅಂತೂ ಒತ್ತಿದರು. ಹೂಕುಂಡ ಒಂದಿದ್ದದ್ದು ಮೂರಾಗಿ ಬಂದಿತ್ತು.

"ಅಲುಗಿದೆ" ಎಂದು ತೀರ್ಪು ಕೊಟ್ಟವನು ಹೊಸಬ. ಬೆಕ್ಕಿನ ತಲೆ ಹಾರಿಸಿದವನು. ಅವನ ಕೈಯಲ್ಲಿ ಅನ್ನಿಸಿಕೊಂಡದ್ದಕ್ಕೆ ಯಜಮಾನರಿಗೆ ಊಟ ಸೇರಲಿಲ್ಲ.

ಆಮೇಲೆ ದಿನಾ ಅದೇ ಯುದ್ಧ. "ಅಲುಗಿದೆ." "ಇನ್ನೂ ಅಲುಗಿದೆ." "ಮನೆಯಲ್ಲೇನು ಭೂಕಂಪವೇ?" ಒಮ್ಮೆಯಂತೂ ಮುಳ್ಳುಹಂದಿ ಮಿತಿಮೀರಿದ: "ಕೈಯಲ್ಲಿ ಕಸುವಿಲ್ಲದವರು ಮೊದಲು ಚೆಂಡು ಹಿಸುಕಿ, ಆಮೇಲೆ ಇಲ್ಲಿಗೆ ಬನ್ನಿ."

"ಆ ಚೆಂಡು ಎಲ್ಲೋಯ್ತು?" ಎಂದು ಯಜಮಾನರು ಗುಡುಗಿದರು. ಹೆಂಡತಿ ಅಡುಗೆಮನೆಯ ಡಬ್ಬಿಯೊಳಗಿಂದ ಅದನ್ನು ತಂದು ಮುಂದೆ ಕುಕ್ಕಿ ಹೋದಳು. ಅಂದಿನಿಂದ ಅವರು ಅದನ್ನು ಮುಳ್ಳುಹಂದಿಯ ಕುತ್ತಿಗೆ ಎಂದು ಭಾವಿಸಿ ಹಿಸುಕತೊಡಗಿದರು. ಕೈಗೆ ಒಳ್ಳೆಯದಾಗಲಿ ಎಂಬ ಯೋಚನೆ ಅವರ ತಲೆಯಲ್ಲಿ ಇರಲೇ ಇಲ್ಲ, ಇದ್ದದ್ದು ಸೇಡು ಮಾತ್ರ.

ಇತ್ತ ಬೈಗುಳ ತಿಂದು ತಿಂದು ಗುಂಪಿನವರ ಫೋಟೋಗಳೂ ಸುಧಾರಿಸಿದ್ದವು. ಹೊಸಬನ ಬೆಕ್ಕಿಗೆ ತಲೆ ಬಂದಿತ್ತು, ಕಣ್ಣಿನಲ್ಲಿ ಬೆಳಕೂ ಬಂದಿತ್ತು. ಗುಡುಗಿಗೆ ನೆರಳು ಅಂದರೇನೆಂದು ತಿಳಿದಿತ್ತು. ಯಜಮಾನರು ಅದನ್ನು ಸತ್ತರೂ ಒಪ್ಪುವಂತಿರಲಿಲ್ಲ. "ಪರವಾಗಿಲ್ಲ" ಎಂದು ಒಂದು ಸಲ ಬರೆದು, ನಾಚಿಕೆಯಾಗಿ ಅಳಿಸಿದರು.

ಒಂದು ಮಧ್ಯಾಹ್ನ ಊಟವಾದ ಮೇಲೆ ಅವರು ಬಾಲ್ಕನಿಗೆ ಬಂದರು. ಒಗೆದು ಹರವಿದ ಬಿಳಿ ಚಾದರದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬಲಗೈಯಲ್ಲಿ ಕ್ಯಾಮೆರಾ ಎತ್ತಿದರು. ಉಸಿರು ಹಿಡಿದರು. ಒತ್ತಿದರು. ಹನಿ ನೆಲ ಮುಟ್ಟುವ ಮುಂಚೆ ಗಾಳಿಯಲ್ಲೇ ಸಿಕ್ಕಿಬಿದ್ದಿತ್ತು. ಒಂದಿಷ್ಟೂ ಅಲುಗಿರಲಿಲ್ಲ.

"ಈಗ ಹೇಳ್ರೋ" ಎಂದು ಬರೆದು ಫೋಟೋ ಹಾಕಿದರು.

ಯಾರೂ ಸೊಲ್ಲೆತ್ತಲಿಲ್ಲ. ದಿನಾ ಹದ್ದುಗಳ ಹಾಗೆ ಎರಗುತ್ತಿದ್ದವರು ಇವತ್ತು ನಾಪತ್ತೆ. ಯಜಮಾನರು ಕಾದರು, ಮತ್ತೂ ಕಾದರು. ಸೋತ ಕೂಡಲೇ ಬಾಲ ಮುದುರಿಕೊಂಡರಲ್ಲ ಹೇಡಿಗಳು. ಗೆದ್ದ ಹೊತ್ತಿನಲ್ಲಿ ಒಬ್ಬ ವೈರಿಯಾದರೂ ಎದುರಿಗೆ ಇರಬೇಡವೇ? ಅವರಿಗೆ ತಡೆಯಲಾಗಲಿಲ್ಲ. ಹೆಂಡತಿಗಾದರೂ ತೋರಿಸೋಣವೆಂದು ಒಳಗೆ ನುಗ್ಗಿದರು.

ಆಕೆ ಅಡುಗೆಮನೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು. ಮಡಿಲಲ್ಲಿದ್ದ ಫೋನು ಜಾರಿತು. ಯಜಮಾನರು ಚಕ್ಕನೆ ಬಾಗಿ ಹಿಡಿದುಕೊಂಡರು. ಬಲಗೈಯಲ್ಲಿ. ಬೆರಳು ತಾಗಿ ಪರದೆ ಬೆಳಗಿತು. ಅದರಲ್ಲಿ ಅವರದೇ ನೀರಿನ ಹನಿ, ಅದರ ಕೆಳಗೆ ಮುಳ್ಳುಹಂದಿಯ ಹೆಸರಿನಲ್ಲಿ ಅರ್ಧಕ್ಕೇ ನಿಂತ ಸಾಲು: "ಅಲುಗಿಲ್ಲ. ಆದ್ರೆ ಜಂಬ ಬೇಡ, ನಾಳೆ ಇದಕ್ಕಿಂತ"

ಗುಂಪಿನ ಹತ್ತೂ ಜನ ಒಂದೇ ಕುರ್ಚಿಯಲ್ಲಿ, ಬಾಯಿ ಕೊಂಚ ತೆರೆದುಕೊಂಡು, ಗೊರಕೆ ಹೊಡೆಯುತ್ತಿದ್ದರು.