ಬೂನ್ ಮತ್ತೆ ಆಡಬಹುದೇ?

“ಹಸಿರು ಒತ್ತು ವಿದ್ಯಾ. ಅಲ್ಲಿ ಆಟ ನಿಂತಿದೆ, ಎಲ್ಲ ನಿನ್ನ ಬೆರಳಿಗೇ ಕಾಯ್ತಿದ್ದಾರೆ.”

ಟೀಮ್ ಲೀಡ್ ಉಪೇಂದ್ರ ಅವಳ ಕುರ್ಚಿಯ ಹಿಂದೆಯೇ ನಿಂತಿದ್ದ. ಸ್ಕ್ರೀನಿನತ್ತ ಒಮ್ಮೆಯೂ ನೋಡಲಿಲ್ಲ. ಅವನ ಕಣ್ಣೆಲ್ಲ ಅವಳ ಬೆರಳ ಮೇಲೆ.

ವಿದ್ಯಾಶ್ರೀ ಗದಗಿನವಳು, ಫಿಜಿಯೋಥೆರಪಿ ಓದಿದವಳು. ಸಿಂಗಪುರದ ಆಂಗ್ ಮೋ ಕಿಯೋದ ಈ ಕಂಪನಿಯಲ್ಲಿ ಅವಳ ಕೆಲಸ ಇಷ್ಟೇ: ಯುರೋಪಿನ ಅಮೆರಿಕನ್ ಫುಟ್‌ಬಾಲ್ ಲೀಗಿನ ಪಂದ್ಯ ನೋಡುವುದು, ತಲೆಗೆ ಪೆಟ್ಟು ಬಿದ್ದವನು ಮತ್ತೆ ಆಡಬಹುದೇ ಎಂದು ಹೇಳುವುದು. ಆಡಬಹುದಾದರೆ ಹಸಿರು ಗುಂಡಿ. ಆಡಕೂಡದೆಂದರೆ ಕೆಂಪು. ಒಳಬರುವಾಗ ಫೋನು ಲಾಕರಿನಲ್ಲಿಟ್ಟು ಬರಬೇಕು.

ಮಧ್ಯಾಹ್ನದ ಊಟದ ಹೊತ್ತು. ಪಕ್ಕದ ಸಾಲಿನವರು ಹಾಕರ್ ಸೆಂಟರಿನ ಊಟದಂಗಡಿಗಳಿಗೆ ಇಳಿದಿದ್ದರು. ಸ್ಕ್ರೀನಿನಲ್ಲಿ ಸಂಜೆಯ ಇಳಿಬಿಸಿಲು, ತುಂಬಿದ ಗ್ಯಾಲರಿ, ಹುಲ್ಲಿನ ಮೇಲೆ ಟೈರೆಲ್ ಬೂನ್. ಅಮೆರಿಕದ ದೊಡ್ಡ ತಂಡಗಳು ಬೇಡವೆಂದ ಮೇಲೆ ಜರ್ಮನಿಯ ಸಣ್ಣ ಊರೊಂದಕ್ಕೆ ಬಂದು ಹೆಸರು ಮಾಡಿದವನೆಂದು ಕಾಮೆಂಟರಿಯವನು ಹೊಗಳಿದ್ದ. ಆಮೇಲೆ ಹೆಲ್ಮೆಟ್ಟಿಗೆ ಹೆಲ್ಮೆಟ್ಟು ಬಡಿಯಿತು. ಬೂನ್ ಎದ್ದ. ತಟ್ಟಾಡುತ್ತ ನಡೆದು ಎದುರಾಳಿಗಳ ಸಾಲಿನಲ್ಲಿ ಹೋಗಿ ನಿಂತ, ತನ್ನವರೆಂದುಕೊಂಡು. ಚಿತ್ರ ಅಲ್ಲಿಗೇ ನಿಂತಿತ್ತು.

“ಅವನಿಗೆ ತನ್ನ ಟೀಮ್ ಯಾವ್ದು ಅಂತಾನೇ ಗೊತ್ತಾಗ್ತಿಲ್ಲ ಸರ್.”

“ಬೇಕಿದ್ರೆ ಇನ್ನೊಂದ್ಸಲ ಪ್ಲೇ ಮಾಡು. ಕೆಂಪು ಒತ್ತಿದ್ರೆ ಅವನ ಕರಿಯರ್ ಮುಗೀತು. ಈ ವಯಸ್ಸಲ್ಲಿ ಅವನನ್ನ ಇನ್ಯಾರು ತಗೋತಾರೆ? ಅನ್ನ ಕಿತ್ಕೊಂಡ ಪಾಪ ನಿಂಗ್ಯಾಕೆ?”

“ಅನ್ನ ಉಣ್ಣೋಕೆ ಅವನು ಇರ್ಬೇಕಲ್ಲ ಸರ್.”

“ಮಾತು ಚೆನ್ನಾಗಿ ಕಲ್ತಿದ್ದೀಯ. ನಿನ್ನ ವರ್ಕ್ ಪಾಸ್ ರಿನ್ಯೂ ಆಗ್ಬೇಕಲ್ವಾ?” ಯೋಗಕ್ಷೇಮ ವಿಚಾರಿಸುವ ದನಿಯಲ್ಲೇ ಕೇಳಿದ.

ಪಾಸ್ ಹೋದರೆ ಈ ದೇಶದಲ್ಲಿ ವಿದ್ಯಾಶ್ರೀಗೆ ನಿಲ್ಲಲು ನೆಲವಿಲ್ಲ. ಅಲ್ಲಿ ಬೂನ್‌ನ ತಲೆ, ಇಲ್ಲಿ ತನ್ನ ಬೆರಳು: ಎರಡೂ ಇವರಿಗೆ ಬಾಡಿಗೆಯ ಸಾಮಾನು.

“ಇನ್ನೊಂದು ಪೆಟ್ಟು ಬಿದ್ರ ಅಂವ ಸಾಯ್ತಾನ್ರೀ.” ಸಿಟ್ಟಿಗೆ ಊರಿನ ಮಾತೇ ಹೊರಬಿತ್ತು. ಕೆಂಪು ಒತ್ತಿದಳು.

ಸ್ಕ್ರೀನು ಕಪ್ಪಾಯಿತು. ಉಪೇಂದ್ರ ಬಯ್ಯಲಿಲ್ಲ.

“ಬ್ಯಾಗ್ ತಗೊಂಡು ಹೊರಡು. ನಾಳೆಯಿಂದ ಬರೋದ್ ಬೇಡ.”

ಮೆಟ್ಟಿಲಿಳಿಯುವಾಗ ಎದೆ ಹಗುರವಾಗಿತ್ತು. ಹಾಳಾಗಿ ಹೋಗಲಿ ಕೆಲಸ. ಒಬ್ಬ ಮನುಷ್ಯ ಇವತ್ತು ಜೀವಂತ ಮನೆಗೆ ಹೋಗುತ್ತಾನೆ. ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಉಳಿದಿದ್ದು ಕಂಡು, ಅದನ್ನು ಕೊಟ್ಟುಬರಲು ತಿರುಗಿ ಹತ್ತಿದಳು. ಅರೆತೆರೆದ ಬಾಗಿಲಾಚೆ ಉಪೇಂದ್ರ, ಕಂಪನಿಯ ಮಾಲೀಕ ಸಂಪತ್ ಜೊತೆ ಫೋನಿನಲ್ಲಿದ್ದ.

“ಇವಳೂ ಕೆಂಪೇ ಒತ್ತಿದ್ಲು ಸರ್. ಇಲ್ಲ ಇಲ್ಲ, ಉಳಿದೋರ ಹಾಗೇ ಇವಳೂ ಲೈವ್ ಅಂತಾನೇ ನಂಬಿದ್ಲು. ಬೂನ್ ಆ ಮ್ಯಾಚಲ್ಲೇ ಎರಡನೇ ಪೆಟ್ಟಿಗೆ ಸತ್ತು ಎರಡು ವರ್ಷ ಆಯ್ತು. ಮೊದಲ್ನೇ ಪೆಟ್ಟು ನೋಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಂತ ಕೋರ್ಟಲ್ಲಿ ಹೇಳೋಕೆ ಲೀಗ್‌ನವರಿಗೆ ಒಂದೇ ಒಂದು ಹಸಿರು ಸಾಕು. ಅದು ಸಿಗೋವರೆಗೂ ಒಬ್ಬೊಬ್ಬರನ್ನೇ ತಂದು ಕೂರಿಸ್ತಾ ಇರ್ತೀನಿ.”